ವೈದ್ಯರ ಕಿವಿ: ಕೆಲವು ಬರಹಗಳನ್ನು ತಾಳವಾಡಿಯಿಂದ ಓದುತ್ತ

ಕನ್ನಡದಲ್ಲಿ ವೈದ್ಯಸಾಹಿತ್ಯವೆಂದು ಕರೆಸಿಕೊಳ್ಳುವ ಪುಸ್ತಕಗಳನ್ನು ನಮ್ಮ ವಿಮರ್ಶೆ ಸಾಹಿತ್ಯವೆಂದು ಓದಿದ್ದು ಕಡಿಮೆ. ವಾಚನಾಲಯಗಳಲ್ಲಿ ಅವು ಅಡುಗೆ, ಹೊಲಿಗೆ ಪುಸ್ತಕಗಳ ಪಕ್ಕದ ಕಪಾಟಿನಲ್ಲಿರುತ್ತವೆ. ಬೆನ್ನು ಹರಿದು, ಮೂಲೆ ಮಡಿಸಿಕೊಂಡು, ಕೆಲವು ಪುಟಗಳೇ ಕಾಣೆಯಾಗಿ ಇರುತ್ತವೆ. ಇಷ್ಟೊಂದು ಓದಿಸಿಕೊಂಡ ಭಾಗ್ಯ ನವ್ಯರ ಎಷ್ಟೋ ಕಾದಂಬರಿಗಳಿಗೆ ಸಿಕ್ಕಿಲ್ಲ. ಆದರೂ ಈ ಗದ್ಯದ ಧಾಟಿಯೇನು, ಅದು ಯಾರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುತ್ತದೆ ಎಂದು ಯಾರೂ ಗಂಭೀರವಾಗಿ ವಿಚಾರಿಸಿದಂತಿಲ್ಲ. ಈ ಪುಸ್ತಕಗಳ ಜೊತೆಗೆ, ರೋಗ ಮತ್ತು ವೈದ್ಯರು ಬರುವ ಒಂದೆರಡು ಕಥನಗಳನ್ನೂ ಇಟ್ಟುಕೊಂಡು ನಾನು ಕೇಳಬೇಕೆಂದಿರುವುದು ಒಂದೇ ಪ್ರಶ್ನೆ: ನಮ್ಮ ಬರಹದಲ್ಲಿ ವೈದ್ಯರು ಹೇಳುವುದು ಎಷ್ಟು, ಕೇಳುವುದು ಎಷ್ಟು?

ಈ ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ, ಹಾರ್ಮೋನಿನ ಏರುಪೇರಿನಿಂದ ಬರುವ ಕಾಯಿಲೆಗಳ ಸ್ವಭಾವದಿಂದ ಹುಟ್ಟಿದ್ದು. ಮೂಳೆ ಮುರಿದರೆ ಮಾತು ಬೇಕಿಲ್ಲ, ಚಿತ್ರ ತೆಗೆದರೆ ಕಾಣುತ್ತದೆ. ಜ್ವರವನ್ನು ಅಳೆಯಬಹುದು. ಆದರೆ ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿ ನಿಧಾನವಾದಾಗ ಆಗುವುದೇನು? ಸುಸ್ತು, ಚಳಿ, ಮಲಬದ್ಧತೆ, ಒಣಗಿದ ಚರ್ಮ, ಉದುರುವ ಕೂದಲು, ಒಡೆದ ದನಿ, ಊದಿದ ಮೈ, ಮುಟ್ಟಿನಲ್ಲಿ ಅತಿಯಾದ ರಕ್ತ, ಮರೆವು. ಬಿಡಿಬಿಡಿಯಾಗಿ ನೋಡಿದರೆ ಇವು ಹೊಲದಲ್ಲಿ ದುಡಿದು ಮೂರು ಹೆತ್ತ ಯಾವ ಹೆಂಗಸಿಗೂ ಇರಬಹುದಾದಂಥವು. ಒಂದರ ಪಕ್ಕ ಒಂದನ್ನಿಟ್ಟು ಹೇಳಿದಾಗ ಮಾತ್ರ ಅದು ರೋಗದ ಆಕಾರಕ್ಕೆ ಬರುತ್ತದೆ. ಹಾಗಾಗಿ ಇದು ಕಥೆಯಾಗಿಯೇ ವೈದ್ಯರ ಮುಂದೆ ಬರಬೇಕಾದ ಕಾಯಿಲೆ. ಇಂಥ ರಕ್ತಪರೀಕ್ಷೆ ಮಾಡಿಸಿ ಎಂದು ಬರೆದುಕೊಡಲು ಹೊಳೆಯಬೇಕಾದರೂ ಅವರು ಕಥೆಯನ್ನು ಕೊನೆಯವರೆಗೆ ಕೇಳಿರಬೇಕು.

ಈ ರೋಗದ ಚರಿತ್ರೆಯೂ ಹಾಗೆಯೇ ಇದೆ. ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ಈ ಸ್ಥಿತಿಯನ್ನು ವೈದ್ಯರ ಸಭೆಯಲ್ಲಿ ವಿವರಿಸಿದಾಗ ಥೈರಾಕ್ಸಿನ್ ಎಂಬ ಪದವೇ ಇರಲಿಲ್ಲ. ಅವನ ಬಳಿ ಇದ್ದದ್ದು ಕೆಲವು ಹೆಂಗಸರ ಮುಖ, ನಡೆ, ಮಾತಿನ ವರ್ಣನೆ. 1891ರಲ್ಲಿ ಜಾರ್ಜ್ ಮರ್ರೇ ಎಂಬ ವೈದ್ಯ ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿ ನೋಡಿದ. ಆಕೆ ಆಮೇಲೆ 28 ವರ್ಷ ಬದುಕಿದಳು. ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನನ್ನು ಬೇರ್ಪಡಿಸಿದ್ದು 1914ರ ಕ್ರಿಸ್‌ಮಸ್ ದಿನ. ಮುಟ್ಟು ತಪ್ಪುವ, ಗಲ್ಲದಲ್ಲಿ ಕೂದಲು ಬರುವ, ಈಗ ನಮ್ಮ ಹುಡುಗಿಯರು ಪಿಸಿಓಎಸ್ ಎಂದು ಪಿಸುಗುಡುವ ಇನ್ನೊಂದು ಸ್ಥಿತಿಯನ್ನು ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ 1935ರಲ್ಲಿ ಗುರುತಿಸಿದ್ದು ಏಳೇ ಏಳು ಹೆಂಗಸರಿಂದ. ಅಂದರೆ ಯಂತ್ರಗಳು ಬರುವ ಮೊದಲೇ ನೋಡಿ, ಕೇಳಿ, ಬರೆದಿಟ್ಟವರು ಇದ್ದರು. ವಿಚಿತ್ರವೆಂದರೆ ಪರೀಕ್ಷೆ ಸುಲಭವಾದ ಕಾಲದಲ್ಲಿ ಕೇಳುವುದು ಕಷ್ಟವಾಗಿದೆ.

ಇನ್ನು ನಾನು ಓದುವ ಜಾಗದ ಬಗ್ಗೆ ಎರಡು ಮಾತು. ಈ ವಾರ್ಷಿಕದ ಹೆಚ್ಚಿನ ಓದುಗರು ಪಯಸ್ವಿನಿ, ಚಂದ್ರಗಿರಿಗಳ ಆಸುಪಾಸಿನವರು. ತಾಳವಾಡಿಯೆಂದರೆ ಅವರಿಗೆ ಬಹುಶಃ ನೆನಪಾಗುವುದು 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಒಯ್ದದ್ದು. ಅದರಾಚೆಗೂ ಇಲ್ಲಿ ಊರುಗಳಿವೆ, ರಾಗಿ ಹೊಲಗಳಿವೆ, ಮನೆಗಳ ಒಳಗೆ ಚಾಮರಾಜನಗರದ ಕನ್ನಡವಿದೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಉಳಿದೆವು. 1979ರವರೆಗೆ ಕೊಯಮತ್ತೂರು ಜಿಲ್ಲೆ, ಆಮೇಲೆ ಪೆರಿಯಾರ್ ಜಿಲ್ಲೆ, ಈಗ ಈರೋಡು. ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು, ಬಣ್ಣಾರಿ, ಸತ್ಯಮಂಗಲ ಹಾಯ್ದು ಹೋಗಬೇಕು. ಚಾಮರಾಜನಗರ ಹತ್ತಿರ, ಅಲ್ಲಿ ಮಾತೂ ನಮ್ಮದೇ; ಆದರೆ ಕೈಯಲ್ಲಿರುವ ಪಡಿತರ ಚೀಟಿ ತಮಿಳುನಾಡಿನದು, ಕರ್ನಾಟಕದ ಯೋಜನೆಯ ರಿಯಾಯಿತಿಗಳು ಅದಕ್ಕೆ ದಕ್ಕುವುದಿಲ್ಲ. ಕಾರ್ಡು ಒಂದು ಕಡೆ, ನಾಲಗೆ ಒಂದು ಕಡೆ. ಕಾಸರಗೋಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಂಗಳೂರಿನ ಬಸ್ಸು ಹತ್ತಿದವರಿಗೆ ಗೊತ್ತು.

ನನಗೆ ಈ ಕಾಯಿಲೆ ಬಂದಾಗ ನಾನು ಕಂಡ ವೈದ್ಯರು ನಾಲ್ವರು. ಘಟ್ಟದ ಕೆಳಗಿನ ಪಟ್ಟಣದ ಮೊದಲನೆಯವರು ತಮಿಳಿನಲ್ಲಿ ‘ಎನ್ನ ಸೆಯ್ಯುದು’ ಎಂದು ಕೇಳಿದರು. ತಮಿಳು ರೋಗವನ್ನು ಕೇಳುವುದೇ ಹಾಗೆ, ಅದು ನಿನಗೆ ಏನು ಮಾಡುತ್ತಿದೆ ಎಂದು. ಕನ್ನಡದಲ್ಲಿ ನಾವು ‘ಏನಾಗ್ತದೆ’ ಎನ್ನುತ್ತೇವೆ. ಮಲಯಾಳಂನಲ್ಲಿ ‘ಎಂತಾಣು ಅಸುಖಂ’, ಸುಖವಿಲ್ಲದ್ದು ಏನು. ಮೂರೂ ಒಳ್ಳೆಯ ಪ್ರಶ್ನೆಗಳೇ. ತಮಿಳಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಕಾಯಿಲೆ ಏನನ್ನೂ ಮಾಡುತ್ತಿರಲಿಲ್ಲ. ನಾನು ಮಾಡುತ್ತಿದ್ದುದೆಲ್ಲ ನಿಂತುಹೋಗುತ್ತಿತ್ತು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದರು. ಎರಡನೆಯವರು ದೊಡ್ಡ ಊರಿನವರು. ತಿನ್ನುವುದನ್ನು ಕಡಿಮೆ ಮಾಡಿ ಎಂದರು. ಮೂರನೆಯವರು ಗಡಿಯಾಚೆಯ ಕನ್ನಡಿಗರೇ, ಸ್ವಚ್ಛವಾದ ಕನ್ನಡ. ನಾನು ಎರಡು ವಾಕ್ಯ ಮುಗಿಸುವಷ್ಟರಲ್ಲಿ, ಈ ವಯಸ್ಸಿನಲ್ಲಿ ಹೆಂಗಸರಿಗೆ ಹೀಗೆಲ್ಲ ಅನ್ನಿಸುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಸಾಂತ್ವನ ಹೇಳಿದರು. ಭಾಷೆ ಒಂದೇ ಆದರೆ ಕಿವಿಯೂ ಒಂದೇ ಆಗುತ್ತದೆಂದು ನಂಬುವ ನಮ್ಮ ಗಡಿನಾಡ ಭಾಷಣಗಳನ್ನು ಅಂದಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ.

ನಾಲ್ಕನೆಯವರು ಕೇರಳದ ಹೆಣ್ಣುಮಗಳು, ಕೆಳಗಿನ ಊರೊಂದರಲ್ಲಿ ಕೆಲಸಕ್ಕಿದ್ದವರು. ಅವರ ತಮಿಳು ಅರ್ಧ, ಕನ್ನಡ ಕಾಲು. ನಾನು ಹೇಳಿ ನಿಲ್ಲಿಸಿದಾಗೆಲ್ಲ ಅವರು ‘ಎನ್ನಿಟ್ಟು?’ ಎನ್ನುತ್ತಿದ್ದರು. ಆಮೇಲೆ ಎಂದು ಅರ್ಥ. ಕಥೆ ಕೇಳುವ ಮಕ್ಕಳು ಹೇಳುವ ಮಾತು. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಆ ಹೂಂಗುಟ್ಟುವಿಕೆ ನನಗೆ ಸಿಕ್ಕಿತು. ಚಳಿಯ ಮಾತು, ದನಿ ಒಡೆದ ಮಾತು, ಮುಟ್ಟಿನ ಮಾತು ಒಂದರ ಹಿಂದೆ ಒಂದು ಬಂದವು. ಪರೀಕ್ಷೆಗೆ ಬರೆದದ್ದು ಆಮೇಲೆ.

ಈಗ ಪುಸ್ತಕಗಳಿಗೆ ಬರುತ್ತೇನೆ. ಕನ್ನಡದಲ್ಲಿ ವೈದ್ಯ ಬರಹಕ್ಕೆ ಹಳೆಯ ವಂಶವಿದೆ. ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇತ್ಯಾದಿ. ಇವು ವೈದ್ಯ ವೈದ್ಯನಿಗೆ ಹೇಳಿದ ಮಾತುಗಳು. ರೋಗಿ ಅಲ್ಲಿ ಲಕ್ಷಣಗಳ ಮೊತ್ತ. ಹಸುವನ್ನಂತೂ ಕೇಳುವ ಹಾಗೇ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವೈದ್ಯ ನೇರವಾಗಿ ಓದುಗರ ಕಡೆ ತಿರುಗಿದ. 1942ರಲ್ಲಿ ‘ಕೊರವಂಜಿ’ ಆರಂಭಿಸಿದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’, ಹಾಸ್ಯದಿಂದ ಮನಸ್ಸಿನ ಕಾಯಿಲೆಯವರೆಗೂ ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ವೈದ್ಯಕೀಯ ವಿಷಯದ ಪುಸ್ತಕವನ್ನು ಅಕಾಡೆಮಿ ಸಾಹಿತ್ಯವೆಂದು ಒಪ್ಪಿದ ಆ ಸಂದರ್ಭವನ್ನು ನಮ್ಮ ವಿಮರ್ಶೆ ಬೇಗ ಮರೆತಿತು.

ಆದರೆ ಹೆಂಗಸರ ಮೈಯ ಬಗ್ಗೆ ಕನ್ನಡದಲ್ಲಿ ಸಂಕೋಚವಿಲ್ಲದ ಗದ್ಯವನ್ನು ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದವರು ಡಾ. ಅನುಪಮಾ ನಿರಂಜನ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’, ‘ಕೇಳು ಕಿಶೋರಿ’. ತಾಳವಾಡಿಯ ಮನೆಗಳಿಗೆ ಈ ಪುಸ್ತಕಗಳು ಬಂದದ್ದು ಮೈಸೂರು ಕಡೆಯಿಂದ ಮದುವೆಯಾಗಿ ಬಂದ ಸೊಸೆಯರ ಟ್ರಂಕಿನಲ್ಲಿ. ಅತ್ತೆ ಮಲಗಿದ ಮೇಲೆ ಓದುವ ಪುಸ್ತಕಗಳು. ಗಡಿನಾಡಿನ ಓದುಗರಿಗೆ ಅನುಪಮಾ ಅವರ ಮನೆ ಹೊಸದಲ್ಲ. ಕಯ್ಯೂರಿನ ಹೋರಾಟವನ್ನು ‘ಚಿರಸ್ಮರಣೆ’ಯಲ್ಲಿ ಬರೆದ ನಿರಂಜನರು ಅವರ ಗಂಡ. ಗಂಡ ಕಯ್ಯೂರಿನ ರೈತರ ಮಾತಿಗೆ ಕಾದಂಬರಿಯಲ್ಲಿ ಜಾಗ ಕೊಟ್ಟರು, ಹೆಂಡತಿ ಮುಟ್ಟು, ಬಸಿರು, ಹಾಲು ಎಂಬ ಪದಗಳಿಗೆ ಅಚ್ಚಿನಲ್ಲಿ ಮರ್ಯಾದೆ ಕೊಟ್ಟರು. ಎರಡನೆಯ ಕೆಲಸವನ್ನು ಮೊದಲನೆಯದಕ್ಕಿಂತ ಕಡಿಮೆಯೆಂದು ನಾನು ಎಣಿಸುವುದಿಲ್ಲ.

ಅನುಪಮಾ ಅವರ ಗದ್ಯದ ಗುಣವೆಂದರೆ ಅದಕ್ಕೆ ನಾಚಿಕೆಯಿಲ್ಲ, ಆದರೆ ನಾಚಿಕೆಯಿರುವವಳನ್ನು ಅದು ಗೇಲಿ ಮಾಡುವುದೂ ಇಲ್ಲ. ವಾಕ್ಯಗಳು ಚಿಕ್ಕವು. ಸಂಸ್ಕೃತದ ಪದ ಬೇಕಾದಲ್ಲಿ ಬರುತ್ತದೆ, ಪ್ರದರ್ಶನಕ್ಕಲ್ಲ. ಧಾರವಾಡದಲ್ಲೂ ಬೆಂಗಳೂರಿನಲ್ಲೂ ವೈದ್ಯವೃತ್ತಿ ನಡೆಸಿದವರ ಅನುಭವ ಆ ಧಾಟಿಯ ಹಿಂದಿದೆ. ಸಾವಿರ ಹೆಂಗಸರು ಹೇಳಲಾರದೆ ತಡವರಿಸಿದ್ದನ್ನು ಕಂಡವರು ಮಾತ್ರ ಹೀಗೆ ಮೊದಲೇ ಹೇಳಿಬಿಡಬಲ್ಲರು. ಅವರ ಬಲ ಇಲ್ಲೇ ಇದೆ, ಮಿತಿಯೂ ಇಲ್ಲೇ ಇದೆ.

‘ಕೇಳು ಕಿಶೋರಿ’ ಎಂಬ ಹೆಸರನ್ನೇ ನೋಡಿ. ಕನ್ನಡದ ‘ಕೇಳು’ ಎರಡು ಕೆಲಸ ಮಾಡುವ ಕ್ರಿಯಾಪದ. ಆಲಿಸು ಎಂದೂ ಹೌದು, ಪ್ರಶ್ನಿಸು ಎಂದೂ ಹೌದು. ತಮಿಳಿನಲ್ಲಿಯೂ ‘ಕೇಳ್’ ಹೀಗೆಯೇ. ಮಲಯಾಳಂನಲ್ಲಿ ಮಾತ್ರ ‘ಕೇಳ್ಕ್ಕುಗ’ ಕಿವಿಗೇ ನಿಂತು, ಪ್ರಶ್ನಿಸಲು ‘ಚೋದಿಕ್ಕುಗ’ ಬೇರೆಯಾಯಿತು. ಪುಸ್ತಕದ ಹೆಸರಿನಲ್ಲಿ ಎರಡೂ ಅರ್ಥಗಳಿವೆ. ಹುಡುಗಿಯೇ, ನಾನು ಹೇಳುವುದನ್ನು ಕೇಳು. ಹುಡುಗಿಯೇ, ನಿನಗೆ ಕೇಳಬೇಕೆನಿಸಿದ್ದನ್ನು ಕೇಳು. ಒಳಗೆ ಹೋದಂತೆ ಮೊದಲನೆಯ ಅರ್ಥ ಮೇಲಾಗುತ್ತದೆ. ಅದು ಲೇಖಕಿಯ ದೋಷವೆನ್ನುವುದಕ್ಕಿಂತ ಪ್ರಕಾರದ ಸ್ವಭಾವ. ಕೈಪಿಡಿಯಲ್ಲಿ ಪ್ರಶ್ನೆಯನ್ನೂ ವೈದ್ಯರೇ ಕೇಳಿಕೊಳ್ಳಬೇಕು, ಉತ್ತರವನ್ನೂ ಅವರೇ ಕೊಡಬೇಕು. ಪ್ರಶ್ನೆ ಆಗಲೇ ತೊಳೆದು, ಒಣಗಿಸಿ, ಮಡಿಸಿಟ್ಟ ಸ್ಥಿತಿಯಲ್ಲಿರುತ್ತದೆ. ಜೀವಂತ ರೋಗಿಯ ಪ್ರಶ್ನೆ ಹಾಗಿರುವುದಿಲ್ಲ. ಅದು ಹೊಲದ ಮಾತಿನಿಂದ ಶುರುವಾಗಿ ನಾದಿನಿಯ ಮೇಲಿನ ದೂರಿಗೆ ತಿರುಗಿ, ಎಲ್ಲೋ ನಡುವೆ ಮೂರು ತಿಂಗಳಿಂದ ಮುಟ್ಟಿಲ್ಲವೆಂಬುದನ್ನು ಬೀಳಿಸಿ ಮುಂದೆ ಹೋಗುತ್ತದೆ.

ಇನ್ನೊಂದು ವಿಷಯ. ಈ ಪ್ರಕಾರದ ಪುಸ್ತಕಗಳಲ್ಲೆಲ್ಲ ಅಧ್ಯಾಯದ ಕೊನೆಗೆ ವೈದ್ಯರನ್ನು ಕಾಣುವ ಸಲಹೆಯಿರುತ್ತದೆ. ಪತ್ರಿಕೆಗಳ ಆರೋಗ್ಯ ಅಂಕಣಗಳಿಗೂ ಅದೇ ಭರತವಾಕ್ಯ. ವೈದ್ಯರಾಗಿ ಬರೆಯುವವರು ಬೇರೇನು ಹೇಳಲು ಸಾಧ್ಯ? ಆದರೂ ಆ ವಾಕ್ಯವನ್ನು ತಾಳವಾಡಿಯಲ್ಲಿ ಕುಳಿತು ಓದಿದಾಗ ಪುಸ್ತಕ ಮುಗಿಯುವ ಜಾಗದಲ್ಲಿ ನಮ್ಮ ಕಥೆ ಶುರುವಾಗುತ್ತದೆ. ಯಾವ ವೈದ್ಯರನ್ನು? ಯಾವ ಭಾಷೆಯಲ್ಲಿ? ಜೊತೆಗೆ ಯಾರು ಬರುತ್ತಾರೆ? ಕೂಲಿ ಬಿಟ್ಟ ದಿನದ ಲೆಕ್ಕವೇನು? ಅನುಪಮಾ ಅವರ ಬರಹದಲ್ಲಿ ಈ ಅಂತರವನ್ನು ಸ್ವಲ್ಪವಾದರೂ ದಾಟುವುದು, ವೈದ್ಯೆ ತಾನೇ ರೋಗಿಯಾಗಿ ಮಂಚದ ಇನ್ನೊಂದು ಬದಿಗೆ ಬಂದಾಗ. ಅವರು ಕ್ಯಾನ್ಸರಿನ ಜೊತೆ ಬದುಕಿದರು, ಆ ಬಗ್ಗೆ ಬರೆದರು, 1991ರಲ್ಲಿ ತೀರಿಕೊಂಡರು. ಸಂಹಿತೆಯ ಖಚಿತ ದನಿಗಿಂತ ಆ ಬರಹಗಳ ತಗ್ಗಿದ ದನಿ ನನಗೆ ಹತ್ತಿರದ್ದು.

ತ್ರಿವೇಣಿಯವರ ‘ಶರಪಂಜರ’ದಲ್ಲಿ ಸಮಸ್ಯೆ ಬೇರೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದರಿಂದ ಕಥೆ ಎಲ್ಲರಿಗೂ ಗೊತ್ತಿದೆ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಮನೆಗೆ ಬಂದರೆ ಗುಣವಾದಳೆಂದು ಯಾರೂ ನಂಬುವುದಿಲ್ಲ. ಇಲ್ಲಿ ವೈದ್ಯರು ಒಳ್ಳೆಯವರು, ಆಸ್ಪತ್ರೆ ಒಳ್ಳೆಯದು, ಕೆಟ್ಟದ್ದು ಮನೆ. ನಮ್ಮ ಜನಪ್ರಿಯ ಕಾದಂಬರಿಯಲ್ಲಿ ಇದು ಹೆಚ್ಚುಕಡಿಮೆ ನಿಯಮವೇ ಆಯಿತು: ಡಾಕ್ಟರು ಎಂದರೆ ಸ್ಟೆತಾಸ್ಕೋಪು ಹಾಕಿಕೊಂಡ ಸಜ್ಜನ. ತ್ರಿವೇಣಿ ಆ ನಿಯಮದೊಳಗಿದ್ದೂ ಅದಕ್ಕಿಂತ ದೊಡ್ಡದೊಂದನ್ನು ಕಂಡವರು. ಒಮ್ಮೆ ‘ಹೀಗೆ’ ಎಂದು ಹೆಸರು ಬಿದ್ದ ಹೆಂಗಸಿನ ಮಾತು ಆಮೇಲೆ ಸಾಕ್ಷಿಯಾಗಿ ಉಳಿಯುವುದಿಲ್ಲ, ಲಕ್ಷಣವಾಗಿಬಿಡುತ್ತದೆ ಎಂಬುದನ್ನು. ಥೈರಾಯ್ಡಿನವಳು ‘ಸುಸ್ತು’ ಎಂದರೆ ಸೋಮಾರಿತನದ ಲಕ್ಷಣ, ಅತ್ತರೆ ಮನಸ್ಸಿನ ಲಕ್ಷಣ. ಕಾವೇರಿಯನ್ನು ಓದಿಕೊಂಡಿದ್ದವರಿಗೆ ಇದು ಗೊತ್ತಿದ್ದ ದಾರಿ. ಸ್ವತಃ ತ್ರಿವೇಣಿ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರೆಂಬುದನ್ನು ನೆನೆದಾಗ ಆ ಕಾದಂಬರಿಯನ್ನು ಸುಮ್ಮನೆ ಕೈಗೆತ್ತಿಕೊಳ್ಳುವುದು ಕಷ್ಟ.

ಅಚ್ಚಿನ ಪುಸ್ತಕಗಳಿಗಿಂತ ಮೊದಲೇ ನಮ್ಮ ಕಡೆ ಹೆಣ್ಣಿನ ಮೈಯ ಕಷ್ಟಕ್ಕೆ ಒಂದು ಕಾವ್ಯವಿತ್ತು. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಥೆಯಲ್ಲಿ ಬರುವ ಸಂಕಮ್ಮನ ಸಾಲು. ಹಾಡುಗಾರರಿಂದ ಹಾಡ��ಗಾರರಿಗೆ ವಿವರ ಬದಲಾಗುತ್ತದೆ, ಪಿ. ಕೆ. ರಾಜಶೇಖರ ಮೊದಲಾದವರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಕಥೆಯ ನಡು ಇಷ್ಟು: ಮಕ್ಕಳಿಲ್ಲದ ಸಂಕಮ್ಮ, ಕಾಡಿಗೆ ಹೊರಟ ಗಂಡ ನೀಲೇಗೌಡ. ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಭಾಷೆ ಕೊಡು ಎನ್ನುತ್ತಾನೆ. ಆಕೆ ಕೊಡುವುದಿಲ್ಲ. ಅವನು ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ಆಗ ಮಾದಪ್ಪ ಜಂಗಮನಾಗಿ ಬಂದು ಅವಳ ಕಷ್ಟ ವಿಚಾರಿಸುತ್ತಾನೆ, ಬಿಡಿಸುತ್ತಾನೆ, ಮಕ್ಕಳ ಫಲ ಕೊಡುತ್ತಾನೆ.

ಇದನ್ನು ಪಾತಿವ್ರತ್ಯದ ಕಥೆಯೆಂದೂ ಪ್ರತಿರೋಧದ ಕಥೆಯೆಂದೂ ಓದಿದವರಿದ್ದಾರೆ. ನನಗೆ ಇದು ಎರಡು ಬಗೆಯ ಕೇಳುವಿಕೆಯ ಕಥೆ. ಗಂಡನೂ ಕೇಳುತ್ತಾನೆ, ದೇವರೂ ಕೇಳುತ್ತಾನೆ. ಗಂಡ ಕೇಳುವುದು ಅವಳ ಬಾಯಿಂದ ತನಗೆ ಬೇಕಾದ ಮಾತನ್ನು ಹೊರಡಿಸಲು. ಎಷ್ಟೋ ತಪಾಸಣೆಗಳು ಇದೇ ಮಾದರಿಯವು: ಜಾಸ್ತಿ ತಿಂತೀಯಾ? ಕೆಲಸ ಮಾಡಲ್ವಾ? ಮನೇಲಿ ಜಗಳವಾ? ಉತ್ತರ ಮೊದಲೇ ಸಿದ್ಧವಿದೆ, ಭಾಷೆ ಕೊಡುವುದಷ್ಟೇ ಬಾಕಿ. ಸಂಕಮ್ಮ ಅದಕ್ಕೆ ಒಪ್ಪದೆ ಮೌನವಾಗಿರುತ್ತಾಳೆ, ಬಿಚ್ಚಿ ಹೇಳುವುದು ಬಿಚ್ಚಿ ಕೇಳಿದವನ ಮುಂದೆ ಮಾತ್ರ. ಹಾಗೆಂದು ಕೇಳಿದ ದೇವರು ಪುಕ್ಕಟೆ ಕೇಳಿದನೆಂದೇನೂ ಅಲ್ಲ; ಹುಟ್ಟಿದ ಕಾರಯ್ಯ, ಬಿಲ್ಲಯ್ಯ ಅವನ ಶಿಶುಮಕ್ಕಳಾಗುತ್ತಾರೆ. ನಮ್ಮ ಜನಪದರು ದೇವರ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಇಂದಿಗೂ ಮುಟ್ಟು ನಿಂತ ಹುಡುಗಿಯನ್ನು ನಮ್ಮ ಊರುಗಳಲ್ಲಿ ಮೊದಲು ಕರೆದೊಯ್ಯುವುದು ಬೆಟ್ಟಕ್ಕೆ. ಅದನ್ನು ಮೂಢನಂಬಿಕೆಯೆಂದು ಬೈಯುವವರು, ಅಲ್ಲಿ ಅವಳ ಮಾತಿಗೆ ಸಿಗುವಷ್ಟು ಸಮಯ ಬೇರೆಲ್ಲಿ ಸಿಗುತ್ತದೆಂಬುದನ್ನೂ ಹೇಳಬೇಕು. ಹರಕೆಯಿಂದ ಗ್ರಂಥಿ ಸರಿಹೋಗುವುದಿಲ್ಲ, ಅದು ನನಗೂ ಗೊತ್ತು.

ಸಂಕಮ್ಮನ ಮಾತು ಯಾವ ಕನ್ನಡದ್ದೋ ಆ ಕನ್ನಡವನ್ನು ದೇವನೂರ ಮಹಾದೇವ 1984ರ ‘ಕುಸುಮಬಾಲೆ’ಯಲ್ಲಿ ಕಾದಂಬರಿಯ ಭಾಷೆ ಮಾಡಿದರು. ಅದು ಕಷ್ಟವೆಂದು ಬೆಂಗಳೂರಿನವರು ಗೊಣಗಿದಾಗ ನಮಗೆ ಒಳಗೊಳಗೆ ಖುಷಿಯಾಗಿತ್ತು. ಆದರೆ ಅದೇ ಕನ್ನಡ ಆಸ್ಪತ್ರೆಯ ಚೀಟಿಯವರೆಗೆ ಹೋಗಲಿಲ್ಲ. ನೆರೆಮನೆಯವಳೊಬ್ಬಳು ತನ್ನ ಸ್ಥಿತಿಯನ್ನು ‘ಒಳಗ ದೀಪ ತಗ್ಗಿಸ್ದಂಗದ ಕನವ್ವ’ ಎಂದಿದ್ದಳು. ಥೈರಾಯ್ಡಿನ ಬಗ್ಗೆ ಇದಕ್ಕಿಂತ ನಿಖರವಾದ ವರ್ಣನೆಯನ್ನು ನಾನು ಯಾವ ಸಂಹಿತೆಯಲ್ಲೂ ಓದಿಲ್ಲ. ಇದನ್ನು ಘಟ್ಟದ ಕೆಳಗೆ ತಮಿಳಿನಲ್ಲಿ ಹೇಳಬೇಕಾದವಳು ಜೊತೆಗೆ ಹೋದ ಮಗಳು. ತಮಿಳು ಕಲಿಕೆಯ 2006ರ ಕಾನೂನಿನ ನಂತರ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನು ಕಡ್ಡಾಯವಾಗಿ ಕಲಿತರು; ಹಾಗಾಗಿ ಹದಿಮೂರು ಹದಿನಾಲ್ಕರ ಹುಡುಗಿಯರು ತಾಯಂದಿರ ದುಭಾಷಿಗಳಾದರು. ‘ಹೊರಗಾದ್ರ ನಿಲ್ಲದೇ ಇಲ್ಲ’ ಎಂದು ತಾಯಿ ಹೇಳಿದ್ದು ಮಗಳ ಬಾಯಲ್ಲಿ ‘ವಯಿತ್ತು ವಲಿ’, ಬರೀ ಹೊಟ್ಟೆನೋವು, ಆಗುತ್ತದೆ. ಗಂಡು ಡಾಕ್ಟರ ಎದುರು ಆ ಮಗು ಇನ್ನೇನು ಹೇಳೀತು? ದೀಪದ ಮಾತು ಬಿಟ್ಟೇ ಹೋಗುತ್ತದೆ. ಭಾಷಾಂತರದ ಸಮಸ್ಯೆಗಳೆಂದು ನಮ್ಮ ವಿಚಾರಸಂಕಿರಣಗಳಲ್ಲಿ ಚರ್ಚೆಯಾಗುವಾಗ ಪಂಪನನ್ನು ಇಂಗ್ಲಿಷಿಗೆ ತರುವ ಕಷ್ಟ ಬರುತ್ತದೆ. ಈ ಹುಡುಗಿ ಬರುವುದಿಲ್ಲ. ಅವಳನ್ನು ಮುಖ್ಯಪಾತ್ರ ಮಾಡಿದ ಕನ್ನಡ ಕಥೆ ನನ್ನ ಓದಿಗೆ ಸಿಕ್ಕಿಲ್ಲ.

ಮಲಯಾಳಂ ಕಡೆ ನೋಡಿದರೆ ಪುನತ್ತಿಲ್ ಕುಂಞಬ್ದುಳ್ಳ ಸ್ವತಃ ವೈದ್ಯರು, ಅವರ ‘ಮರುನ್ನು’ ವೈದ್ಯಕೀಯ ಕಾಲೇಜಿನ ಒಳಗಿನಿಂದ ಬರೆದ ಕಾದಂಬರಿ. ಬಲವಾದ ಪುಸ್ತಕ, ಆದರೆ ಅಲ್ಲಿ ನೋಡುವ ಕಣ್ಣು ಬಹುಮಟ್ಟಿಗೆ ಬಿಳಿ ಕೋಟಿನವರದು. ನನ್ನ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಅಂಬಿಕಾಸುತನ್ ಮಾಙಾಡ್ ಅವರ 2009ರ ‘ಎನ್ಮಗಜೆ’. ಈ ಸಂಚಿಕೆಯ ಓದುಗರಿಗೆ ಅದು ದೂರದ ಊರಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೆ. ಅದು ಹಾರ್ಮೋನುಗಳ ವ್ಯವಸ್ಥೆಯನ್ನೇ ಕದಡುವ ವಿಷಗಳ ಪಟ್ಟಿಯಲ್ಲಿರುವ ರಾಸಾಯನಿಕ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಆ ಪ್ರದೇಶದ 117 ಹುಡುಗರನ್ನು ಬೇರೆಡೆಯ 90 ಹುಡುಗರ ಜೊತೆ ಹೋಲಿಸಿ, ಮೈನೆರೆಯುವುದು ತಡವಾಗುತ್ತಿರುವುದನ್ನು 2003ರಲ್ಲಿ ಪ್ರಕಟಿಸಿತು. ವಾದವಿವಾದ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಆದರೆ ತಂಡಗಳು ಬರುವುದಕ್ಕೆ ಎಷ್ಟೋ ಮೊದಲು ಅಲ್ಲಿ ಕಿವಿಗೊಟ್ಟವರು ವಾಣಿನಗರದ ಡಾ. ವೈ. ಎಸ್. ಮೋಹನ್ ಕುಮಾರ್. ದೊಡ್ಡ ಆಸ್ಪತ್ರೆಯಲ್ಲ, ಹಳ್ಳಿಯ ದವಾಖಾನೆ. ಒಂದೇ ಕಡೆಯ ಮನೆಗಳಿಂದ ಬರುವ ಬೇರೆ ಬೇರೆ ಕಾಯಿಲೆಗಳನ್ನು ಒಂದರ ಪಕ್ಕ ಒಂದಿಟ್ಟು, ಇದು ಒಂದೇ ಕಥೆಯಿರಬಹುದೇ ಎಂದು ಅನುಮಾನಪಟ್ಟದ್ದು ಅವರ ಕೆಲಸ. ಶ್ರೀಪಡ್ರೆ ಅದನ್ನು ಪತ್ರಿಕೆಗಳಿಗೆ ತಲುಪಿಸಿದರು. ಬಿಡಿ ಲಕ್ಷಣಗಳನ್ನು ಪೋಣಿಸುವ ಈ ರೀತಿಯನ್ನು ನಾನು ವಿಮರ್ಶೆಯ ರೀತಿಯೆಂದೇ ಕರೆಯುತ್ತೇನೆ. ಒಂದು ಊರನ್ನು ಪಠ್ಯದಂತೆ ಓದಿದ್ದು.

ಮಾಙಾಡ್ ಅವರ ಕಾದಂಬರಿಯ ಬಗ್ಗೆ ನನಗೆ ಒಂದು ತಕರಾರಿದೆ. ನೀಲಕಂಠನ್, ದೇವಯಾನಿಯರ ಕಥೆಗೆ ಪುರಾಣದ ಗಾಳಿ ಹಾಕಿದ್ದು ಕೆಲವೆಡೆ ಚೆನ್ನಾಗಿದೆ, ಕೆಲವೆಡೆ ರೋಗಿಗಳ ಸಣ್ಣ ಮಾತುಗಳನ್ನು ಆ ಗಾಳಿ ಹಾರಿಸಿಕೊಂಡು ಹೋಗುತ್ತದೆ. ತುಳು, ಕನ್ನಡ, ಮಲಯಾಳಂ ಒಟ್ಟಿಗೆ ಕೇಳಿಬರುವ ಊರಿನ ತಾಯಿಯೊಬ್ಬಳು ಮಗುವಿನ ಸ್ಥಿತಿಯನ್ನು ಯಾವ ಭಾಷೆಯಲ್ಲಿ, ಯಾವ ಪದದಲ್ಲಿ ಹೇಳಿದಳು ಎಂಬುದು ನನಗೆ ಇನ್ನಷ್ಟು ಬೇಕಿತ್ತು. ಹಾಗಿದ್ದರೂ ವಿಷಯ, ಊರು, ಹೆಸರುಗಳನ್ನು ತಪ್ಪಿಸಿಕೊಳ್ಳದೆ ಎದುರಿಸಿದ ಕಾದಂಬರಿ ಮಲಯಾಳಂನಿಂದ ಬಂತು, ಆ ಊರಿನಲ್ಲಿ ಕನ್ನಡ ಮಾತನಾಡುವವರು ಅಷ್ಟೊಂದಿದ್ದೂ ಕನ್ನಡದಿಂದ ಬರಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಕೊನೆಗೆ ಪದಗಳ ವಿಚಾರ. ಥೈರಾಯ್ಡ್ ಎಂಬುದರ ಗ್ರೀಕ್ ಮೂಲ ಗುರಾಣಿ. ಅದನ್ನು ಹಿಡಿದು ನಮ್ಮ ಪಾರಿಭಾಷಿಕರು ‘ಗುರಾಣಿಕ ಗ್ರಂಥಿ’ ಎಂದರು. ಹಾರ್ಮೋನಿಗೆ ‘ಚೋದಕ’ ಎಂದರು, ಒಳಸ್ರಾವದ ಗ್ರಂಥಿಗಳಿಗೆ ‘ನಿರ್ನಾಳ’ ಎಂದರು. ಶ್ರಮ ದೊಡ್ಡದು, ಚೋದಕವಂತೂ ಚೆಲುವಾದ ಪದ. ಆದರೆ ಗುರಾಣಿಕವೆಂದರೆ ಯಾವ ವೈದ್ಯರಿಗೂ ತಿಳಿಯದು, ಯಾವ ರೋಗಿಗೂ ಬಾಯಿಗೆ ಬಾರದು. ನಮ್ಮ ಊರುಗಳಲ್ಲಿ ಅದರ ಹೆಸರು ಈಗ ‘ತೈರಾಡು’. ಔಷಧದಂಗಡಿಯಲ್ಲಿ ತೈರಾಡು ಮಾತ್ರೆ ಎಂದರೆ ಕೊಡುತ್ತಾರೆ. ಅದನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಬೇಕು, ಕಾಫಿಗೆ ಅರ್ಧ ಗಂಟೆಯಾದರೂ ಕಾಯಬೇಕು ಎಂಬುದನ್ನು ಮಾತ್ರ ನಮ್ಮ ಕೇರಿಯ ಹೆಚ್ಚಿನವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕೇಳಲು ಬಂದವರಿಗೆ ನಾನೇ ಹೇಳುತ್ತಿರುತ್ತೇನೆ.